ಬಳ್ಳಿ ಎಂಬ ಮಾತಿನ ಹುಟ್ಟು ಮತ್ತು ಅರ್ಥ

ಹಿತ್ತಲಿನಲ್ಲಿ ಅವರೆಯ ಬೀಜವೊಂದು ಬಿದ್ದು ಮೊಳೆತರೆ, ಕೆಲವೇ ದಿನಗಳಲ್ಲಿ ಅದರ ಕುಡಿಯು ಮಣ್ಣಿನಿಂದ ಮೇಲೆದ್ದು, ಅತ್ತಿತ್ತ ತೊನೆಯುತ್ತ, ಆಸರೆಯನ್ನು ಅರಸತೊಡಗುತ್ತದೆ. ಹತ್ತಿರದಲ್ಲಿ ಒಂದು ಕೋಲನ್ನು ನೆಟ್ಟರೆ ಅದನ್ನು ಸುತ್ತಿಕೊಂಡು ಏರುತ್ತದೆ. ನೆಡದಿದ್ದರೆ ಬೇಲಿಯನ್ನೋ ಪಕ್ಕದ ಗಿಡವನ್ನೋ ಹಿಡಿಯುತ್ತದೆ. ಇದನ್ನು ಕಂಡ ಮಗುವಾದರೂ ಅದನ್ನು ಮರವೆನ್ನುವುದಿಲ್ಲ, ಗಿಡವೆನ್ನುವುದಿಲ್ಲ; ಬಳ್ಳಿ ಎನ್ನುತ್ತದೆ. ಇಷ್ಟು ಸುಲಭವಾಗಿ ನಾಲಗೆಗೆ ಬರುವ ಈ ಮಾತು ಎಲ್ಲಿಂದ ಬಂದಿತು? ಅದರ ಮೂಲಾರ್ಥವೇನು?

ಸಸ್ಯಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಈ ಪ್ರಶ್ನೆ ಭಾಷಾಪಂಡಿತರಿಗೆ ಸೇರಿದುದೆಂದು ತೋರಬಹುದು. ಭಾಷೆಯನ್ನು ಓದುವ ವಿದ್ಯಾರ್ಥಿಗೆ ಬಳ್ಳಿಯ ಚಲನೆ ಸಸ್ಯಶಾಸ್ತ್ರಜ್ಞರಿಗೆ ಸೇರಿದುದೆಂದು ತೋರಬಹುದು. ಆದರೆ ಈ ಒಂದು ಪದದ ವಿಚಾರದಲ್ಲಿ ಎರಡು ಶಾಸ್ತ್ರಗಳೂ ಒಂದರ ಕೈಯನ್ನು ಮತ್ತೊಂದು ಹಿಡಿದು ನಡೆಯುತ್ತವೆ. ಪದದ ಹುಟ್ಟನ್ನು ಹುಡುಕುವುದೂ ವಿಜ್ಞಾನದ ಕೆಲಸವೇ. ಇಲ್ಲಿಯೂ ಸಾಕ್ಷ್ಯಗಳನ್ನು ಕೂಡಿಹಾಕಬೇಕು, ಊಹೆಯನ್ನು ಮಾಡಬೇಕು, ಆ ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು.

ಪದದ ಹರವು

ಮೊದಲು ಈ ಮಾತನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆಂಬುದನ್ನು ನೋಡೋಣ. ಮೆಣಸಿನ ಬಳ್ಳಿ, ವೀಳ್ಯದೆಲೆಯ ಬಳ್ಳಿ, ಕುಂಬಳದ ಬಳ್ಳಿ, ಅಮೃತಬಳ್ಳಿ ಇವೆಲ್ಲ ಸಸ್ಯಗಳು. ಇವುಗಳಲ್ಲಿ ಕೆಲವು ಮರವನ್ನು ಏರುತ್ತವೆ, ಕೆಲವು ನೆಲದ ಮೇಲೆ ಹಬ್ಬುತ್ತವೆ. ಇಂಗ್ಲಿಷಿನಲ್ಲಿ ಏರುವುದಕ್ಕೆ ಒಂದು ಹೆಸರು, ಹರಿಯುವುದಕ್ಕೆ ಇನ್ನೊಂದು ಹೆಸರು ಇದ್ದರೂ ಕನ್ನಡದ ಬಳ್ಳಿಗೆ ಈ ಭೇದವಿಲ್ಲ. ಕುಂಬಳವು ನೆಲದ ಮೇಲಿದ್ದರೂ ಬಳ್ಳಿಯೇ, ಚಪ್ಪರಕ್ಕೆ ಹಬ್ಬಿದರೂ ಬಳ್ಳಿಯೇ. ತನ್ನ ಕಾಂಡದ ಬಲದಿಂದ ನೆಟ್ಟಗೆ ನಿಲ್ಲಲಾರದೆ, ಉದ್ದವಾಗಿ ಬೆಳೆದು, ಬಾಗಿ, ಬಳುಕಿ ಸಾಗುವ ಸಸ್ಯವೆಂಬುದೇ ಇದರ ಅರ್ಥ.

ಇನ್ನು ಸಸ್ಯವಲ್ಲದ ಬಳ್ಳಿಗಳೂ ಉಂಟು. ತಾಯಿಯ ಗರ್ಭದಲ್ಲಿರುವ ಶಿಶುವಿಗೆ ಆಹಾರವನ್ನು ಒಯ್ಯುವ ನಾಳಕ್ಕೆ ಹೊಕ್ಕುಳಬಳ್ಳಿಯೆಂದು ಹೆಸರು. ಬೆನ್ನೆಲುಬಿನೊಳಗೆ ಇಳಿದಿರುವ ನರಗಳ ಹುರಿಯನ್ನು ನಮ್ಮ ಪಠ್ಯಪುಸ್ತಕಗಳು ಮಿದುಳುಬಳ್ಳಿಯೆಂದು ಕರೆಯುತ್ತವೆ. ರಂಗೋಲಿಯಲ್ಲಿ ಬಳ್ಳಿಯನ್ನು ಎಳೆಯುತ್ತೇವೆ; ಸೀರೆಯ ಅಂಚಿನಲ್ಲಿ ಬಳ್ಳಿಯನ್ನು ಕಾಣುತ್ತೇವೆ. ಮಲೆಯಾಳ ಭಾಷೆಯಲ್ಲಿ ವಳ್ಳಿ ಎಂದರೆ ಬಳ್ಳಿಯೂ ಹೌದು, ಚಪ್ಪಲಿಯ ಪಟ್ಟಿಯೂ ಹೌದು; ಅಷ್ಟೇ ಅಲ್ಲದೆ ಆ ಲಿಪಿಯಲ್ಲಿ ಅಕ್ಷರಕ್ಕೆ ಸೇರುವ ಇಕಾರದ ಚಿಹ್ನೆಗೂ ವಳ್ಳಿಯೆಂದೇ ಹೆಸರು. ಈ ಎಲ್ಲ ಬಳಕೆಗಳಲ್ಲಿಯೂ ಒಂದು ಸಾಮಾನ್ಯ ಲಕ್ಷಣವಿದೆ: ಉದ್ದವಾದುದು, ಸಪುರವಾದುದು, ಬಾಗುವಂಥದು. ಈ ಲಕ್ಷಣವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಎರಡು ವಾದಗಳು

ಸಂಸ್ಕೃತದಲ್ಲಿ ವಲ್ಲೀ ಎಂಬ ಪದವುಂಟು. ಅದಕ್ಕೂ ಬಳ್ಳಿಯೆಂದೇ ಅರ್ಥ. ಅಮರಕೋಶದ ವನೌಷಧಿವರ್ಗವು ವಲ್ಲೀ, ವ್ರತತಿ, ಲತಾ ಎಂಬ ಮೂರನ್ನೂ ಸಮಾನಾರ್ಥಕಗಳಾಗಿ ಹೇಳುತ್ತದೆ. ತೈತ್ತಿರೀಯ ಉಪನಿಷತ್ತಿನ ಭಾಗಗಳಿಗೆ ಶೀಕ್ಷಾವಲ್ಲೀ, ಭೃಗುವಲ್ಲೀ ಎಂಬ ಹೆಸರುಗಳಿರುವುದು ಅನೇಕರಿಗೆ ಗೊತ್ತು. ವೀಳ್ಯದೆಲೆಯ ಬಳ್ಳಿಗೆ ಸಂಸ್ಕೃತದಲ್ಲಿ ನಾಗವಲ್ಲೀ ಎಂದು ಹೆಸರು. ಆದುದರಿಂದ, ವಲ್ಲೀ ಎಂಬುದೇ ಕನ್ನಡಕ್ಕೆ ಬಂದು ಬಳ್ಳಿಯಾಯಿತು, ಎಂದರೆ ಬಳ್ಳಿಯು ವಲ್ಲಿಯ ತದ್ಭವವು ಎಂದು ಹೇಳುವ ವಾಡಿಕೆಯುಂಟು. ಇದು ಮೊದಲನೆಯ ವಾದ. ಸಂಸ್ಕೃತದ ಧಾತುಪಾಠದಲ್ಲಿ ಮುಚ್ಚುವುದು, ಸಂಚರಿಸುವುದು ಎಂಬ ಅರ್ಥದ ವಲ, ವಲ್ಲ ಎಂಬ ಧಾತುಗಳೂ ಇರುವುದರಿಂದ ಈ ವಾದಕ್ಕೆ ಆಧಾರವಿಲ್ಲವೆಂದು ಹೇಳುವಂತಿಲ್ಲ.

ಎರಡನೆಯ ವಾದವು ಇದಕ್ಕೆ ವಿರುದ್ಧವಾದುದು. ಬಳ್ಳಿ ಎಂಬುದು ದ್ರಾವಿಡ ಭಾಷೆಗಳ ಸ್ವಂತದ ಪದ. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಅದು ವಳ್ಳಿಯೆಂಬ ರೂಪದಲ್ಲಿದೆ. ಸಂಸ್ಕೃತದ ವಲ್ಲೀ ಎಂಬುದೇ ದ್ರಾವಿಡದಿಂದ ತೆಗೆದುಕೊಂಡದ್ದು ಎಂದು ಭಾಷಾವಿಜ್ಞಾನಿಗಳಲ್ಲಿ ಹಲವರು ಹೇಳುತ್ತಾರೆ. ಈ ಭಾಷೆಗಳು ಸಂಸ್ಕೃತದಿಂದ ಹುಟ್ಟಿದುವಲ್ಲ, ತಮ್ಮದೇ ಒಂದು ಕುಟುಂಬಕ್ಕೆ ಸೇರಿದವು ಎಂಬುದನ್ನು 1816ರಲ್ಲಿ ಎಲ್ಲಿಸ್ ಎಂಬ ವಿದ್ವಾಂಸನು ತೋರಿಸಿದನು. 1856ರಲ್ಲಿ ಕಾಲ್ಡ್‌ವೆಲ್ಲನು ಈ ಕುಟುಂಬದ ತೌಲನಿಕ ವ್ಯಾಕರಣವನ್ನು ಬರೆದನು. 1961ರಲ್ಲಿ ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ದ್ರಾವಿಡ ಪದಗಳ ವ್ಯುತ್ಪತ್ತಿಕೋಶವನ್ನು ಹೊರತಂದರು. ಅದರ ಎರಡನೆಯ ಆವೃತ್ತಿ 1984ರಲ್ಲಿ ಪ್ರಕಟವಾಯಿತು. ಇಂಥ ಕೆಲಸದಿಂದಾಗಿ, ಒಂದು ಪದವು ಎರಡು ಭಾಷೆಗಳಲ್ಲಿ ಕಂಡರೆ ಯಾವುದು ಕೊಟ್ಟಿತು, ಯಾವುದು ಕೊಂಡಿತು ಎಂದು ವಿಚಾರಿಸಲು ನಮಗೆ ಒಂದು ಕ್ರಮ ದೊರೆತಿದೆ.

ಹಾಗಾದರೆ ಎರಡು ವಾದಗಳಲ್ಲಿ ಯಾವುದು ಸರಿ? ಅಭಿಮಾನದಿಂದ ಇದನ್ನು ತೀರ್ಮಾನಿಸಲಾಗದು. ಕನ್ನಡದ ಮೇಲಣ ಪ್ರೀತಿಯಿಂದ ಪದವನ್ನು ನಮ್ಮದೆನ್ನುವುದೂ, ಸಂಸ್ಕೃತದ ಮೇಲಣ ಗೌರವದಿಂದ ಅದನ್ನು ಅಲ್ಲಿಯದೆನ್ನುವುದೂ ಒಂದೇ ಬಗೆಯ ತಪ್ಪು. ಧ್ವನಿಗಳನ್ನೇ ವಿಚಾರಿಸಬೇಕು.

ಬಕಾರದ ಸಾಕ್ಷ್ಯ

ಪದದ ಮೊದಲ ಅಕ್ಷರವನ್ನು ತೆಗೆದುಕೊಳ್ಳೋಣ. ತಮಿಳಿನಲ್ಲಿ ಪದಾದಿಯಲ್ಲಿ ವಕಾರವಿರುವ ಕಡೆ ಕನ್ನಡದಲ್ಲಿ ಬಕಾರವಿರುವುದು ಒಂದು ನಿಯಮವೆಂಬಷ್ಟು ಸಾಮಾನ್ಯ. ತಮಿಳಿನ ವಾಯ್ ಕನ್ನಡದಲ್ಲಿ ಬಾಯಿ. ವೇರ್ ಎಂಬುದು ಬೇರು. ವಿಲ್ ಎಂಬುದು ಬಿಲ್ಲು. ವೆಳ್ಳಿ ಎಂಬುದು ಬೆಳ್ಳಿ. ಅದೇ ಸಾಲಿನಲ್ಲಿ ವಳ್ಳಿ ಎಂಬುದು ಬಳ್ಳಿ. ಇಷ್ಟನ್ನು ನೋಡಿ ಬಳ್ಳಿಯು ದ್ರಾವಿಡ ಪದವೆಂದು ಸಾಧಿಸಿದಂತಾಯಿತೆ?

ಆಗಲಿಲ್ಲ. ಏಕೆಂದರೆ ಸಂಸ್ಕೃತದಿಂದ ಬಂದ ಪದಗಳಲ್ಲಿಯೂ ಇದೇ ಬದಲಾವಣೆ ಆಗಿದೆ. ವನವು ಬನವಾಗಿದೆ, ವರ್ಣವು ಬಣ್ಣವಾಗಿದೆ, ವಸತಿಯು ಬಸದಿಯಾಗಿದೆ, ವೀಥಿಯು ಬೀದಿಯಾಗಿದೆ. ಆದುದರಿಂದ ವಲ್ಲಿಯೂ ಬಳ್ಳಿಯಾಗಿರಬಹುದೆಂದು ಮೊದಲನೆಯ ವಾದದವರು ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಎರಡು ಊಹೆಗಳೊಡನೆಯೂ ಸಮನಾಗಿ ಹೊಂದುವ ಸಾಕ್ಷ್ಯವು ಯಾವ ಊಹೆಯನ್ನೂ ಸಾಧಿಸಲಾರದು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರೂ ನೆನಪಿನಲ್ಲಿಡಬೇಕಾದ ಮಾತಿದು.

ಳಕಾರದ ಸಾಕ್ಷ್ಯ

ಇನ್ನು ಪದದ ನಡುವಣ ಒತ್ತಕ್ಷರವನ್ನು ನೋಡೋಣ. ಕನ್ನಡದಲ್ಲಿ ಳ್ಳ, ತಮಿಳು ಮಲೆಯಾಳಗಳಲ್ಲಿಯೂ ಳ್ಳ. ಸಂಸ್ಕೃತದಲ್ಲಿ ಮಾತ್ರ ಲ್ಲ. ಇಲ್ಲಿ ಎರಡು ಊಹೆಗಳು ಬೇರೆ ಬೇರೆ ಫಲಗಳನ್ನು ಮುಂದಿಡುತ್ತವೆ.

ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾಗುವುದುಂಟು. ಮಂಗಲವು ಮಂಗಳವಾಗಿದೆ, ಕಮಲವು ಕಮಳವಾಗಿದೆ. ಹದಿಮೂರನೆಯ ಶತಮಾನದಲ್ಲಿದ್ದ ವೈಯಾಕರಣ ಕೇಶಿರಾಜನು ಈ ಬಗೆಯ ಳಕಾರಕ್ಕೆ ಕ್ಷಳವೆಂದು ಹೆಸರಿಟ್ಟು, ಕನ್ನಡದ ಸಹಜವಾದ ಕುಳದಿಂದ ಅದನ್ನು ಬೇರ್ಪಡಿಸಿ ವಿಚಾರಮಾಡಿದ್ದಾನೆ. ಆದರೆ ಈ ಮಾರ್ಪಾಟು ಆಗುವುದು ಒಂಟಿಯಾದ ಲಕಾರಕ್ಕೆ. ಇಮ್ಮಡಿಯಾದ ಲ್ಲಕಾರವು ಹಾಗೆಯೇ ಉಳಿಯುತ್ತದೆ. ಇದಕ್ಕೆ ವಲ್ಲಭ ಎಂಬ ಪದವೇ ಒಳ್ಳೆಯ ಉದಾಹರಣೆ. ರಾಷ್ಟ್ರಕೂಟರ ಬಿರುದಾಗಿದ್ದ ಈ ಪದವು ಕನ್ನಡದಲ್ಲಿ ಬಲ್ಲಹ ಎಂಬ ತದ್ಭವವಾಯಿತು. ವಕಾರವು ಬಕಾರವಾಯಿತು, ಭಕಾರವು ಹಕಾರವಾಯಿತು. ನಡುವಣ ಲ್ಲಕಾರ ಮಾತ್ರ ಕದಲಲಿಲ್ಲ. ಪಲ್ಲವ, ಉಲ್ಲಾಸ, ಕಲ್ಲೋಲ ಮೊದಲಾದವುಗಳಲ್ಲಿಯೂ ಅದು ಹಾಗೆಯೇ ಇದೆ. ವಲ್ಲಿಯು ಸಂಸ್ಕೃತದಿಂದ ಬಂದು ಇದೇ ದಾರಿಯನ್ನು ಹಿಡಿದಿದ್ದರೆ ಬಲ್ಲಿ ಎಂದಾಗಬೇಕಿತ್ತು. ಬಳ್ಳಿ ಎಂದಾಗುವುದಕ್ಕೆ ಕಾರಣವಿರಲಿಲ್ಲ.

ಈಗ ದಾರಿಯನ್ನು ತಿರುಗುಮುರುಗು ಮಾಡಿ ನೋಡಿರಿ. ಲೌಕಿಕ ಸಂಸ್ಕೃತದ ವರ್ಣಮಾಲೆಯಲ್ಲಿ ಳಕಾರಕ್ಕೆ ಸ್ಥಾನವಿಲ್ಲ. ಋಗ್ವೇದದ ಉಚ್ಚಾರಣೆಯಲ್ಲಿ ಳಕಾರ ಕೇಳಿಬರುವುದುಂಟಾದರೂ ಅದು ಸ್ವರಗಳ ನಡುವೆ ಬರುವ ಡಕಾರದ ಬದಲಿಗೆ ಬಂದದ್ದು. ಆದುದರಿಂದ ದ್ರಾವಿಡದ ವಳ್ಳಿಯು ಸಂಸ್ಕೃತಕ್ಕೆ ಹೋದರೆ ಅದು ವಲ್ಲೀ ಎಂದಾಗುವುದು ತೀರ ಸಹಜ. ಇದು ಬರಿಯ ಊಹೆಯಲ್ಲ. ಕಣ್ಣೆದುರಿಗೇ ನಡೆದಿರುವ ಒಂದು ನಿದರ್ಶನವಿದೆ. ತಮಿಳುನಾಡಿನ ಮುರುಗನ ಪತ್ನಿಯ ಹೆಸರು ವಳ್ಳಿ. ಕಾಡಿನಲ್ಲಿ ಗೆಡ್ಡೆಯನ್ನು ಅಗೆದ ಗುಂಡಿಯಲ್ಲಿ ಆಕೆ ಶಿಶುವಾಗಿ ದೊರೆತಳೆಂದು ಅಲ್ಲಿನ ಕಥೆ. ಬಳ್ಳಿಯ ಗೆಡ್ಡೆಗೆ ತಮಿಳರು ಇಂದಿಗೂ ವಳ್ಳಿಕ್ಕಿಳಂಗು ಎನ್ನುತ್ತಾರೆ. ಅದೇ ದೇವಿಯನ್ನು ಸಂಸ್ಕೃತದ ಸ್ತೋತ್ರಗಳಲ್ಲಿ ಹೇಳುವಾಗ ವಲ್ಲೀ ಎಂದೇ ಹೇಳುತ್ತಾರೆ. ಹಾಗೆಯೇ ನಮ್ಮ ಹಳ್ಳಿಯ ಹಳೆಯ ರೂಪ ಪಳ್ಳಿ, ತಮಿಳಿನಲ್ಲಿಯೂ ಪಳ್ಳಿ, ಸಂಸ್ಕೃತದಲ್ಲಿ ಪಲ್ಲೀ. ಪಳ್ಳಿಗೆ ಪಲ್ಲೀ, ವಳ್ಳಿಗೆ ವಲ್ಲೀ: ಎರಡು ಜೋಡಿಗಳೂ ಒಂದೇ ಅಚ್ಚಿನಲ್ಲಿವೆ.

ಇನ್ನೊಂದು ಸಾಕ್ಷ್ಯವನ್ನೂ ಇದರೊಡನೆ ಸೇರಿಸಬಹುದು. ಋಗ್ವೇದದಲ್ಲಿ ಬಳ್ಳಿಯ ಮಾತು ಬಂದಾಗ ಲಿಬುಜಾ, ವ್ರತತಿ ಎಂಬ ಪದಗಳು ಕಾಣುತ್ತವೆ. ವಲ್ಲೀ ಎಂಬುದು ಅನಂತರದ ಗ್ರಂಥಗಳ ಪದ. ಹೊರಗಿನಿಂದ ಬಂದ ಪದವು ಹೀಗೆ ತಡವಾಗಿ ತೋರುವುದು ಸ್ವಾಭಾವಿಕ. ಈ ಎಲ್ಲವನ್ನೂ ಕೂಡಿಸಿ ತೂಗಿದರೆ ಎರಡನೆಯ ವಾದದ ತಟ್ಟೆಯೇ ಕೆಳಗಿಳಿಯುತ್ತದೆ. ಬಳ್ಳಿಯು ನಮ್ಮ ನೆಲದ ಮಾತು. ವಲ್ಲಿಯು ಅದರ ಸಂಸ್ಕೃತದ ಉಡುಪು.

ಹೀಗೆಂದ ಮಾತ್ರಕ್ಕೆ ಯಾವ ಭಾಷೆಗೂ ಕುಂದು ಬರಲಿಲ್ಲ. ಸಂಸ್ಕೃತಕ್ಕೆ ಹೋದ ಮಾತು ಅಲ್ಲಿ ಹೊಸ ಹೊಸ ಸಮಾಸಗಳನ್ನು ಕಟ್ಟಿಕೊಂಡು ನಮ್ಮಲ್ಲಿಗೆ ಮರಳಿ ಬಂದಿದೆ. ಅಮೃತವಲ್ಲೀ ಎಂಬುದನ್ನು ನಾವು ಅಮೃತಬಳ್ಳಿಯೆನ್ನುತ್ತೇವೆ. ಕೊಡುವುದೂ ಕೊಳ್ಳುವುದೂ ಭಾಷೆಗಳ ನಿತ್ಯವ್ಯಾಪಾರ.

ಬಳ್ಳಿಯ ಬಳಗ

ಪದವು ನಮ್ಮದೆಂದಾಯಿತು. ಅದರ ಮೂಲಾರ್ಥವೇನು? ಇದಕ್ಕಾಗಿ ಅದರ ನೆಂಟರನ್ನು ಹುಡುಕಬೇಕು. ಕನ್ನಡದಲ್ಲಿ ಬಳೆ ಎಂದರೆ ಕೈಗೆ ತೊಡುವ ದುಂಡನೆಯ ಆಭರಣ. ತಮಿಳಿನಲ್ಲಿ ಅದು ವಳೈ. ಅದೇ ವಳೈ ಎಂಬುದಕ್ಕೆ ತಮಿಳಿನಲ್ಲಿ ಬಾಗು, ಸುತ್ತುವರಿ ಎಂಬ ಕ್ರಿಯಾರ್ಥವೂ ಉಂಟು. ಕನ್ನಡದಲ್ಲಿ ಬಳಸು ಎಂದರೆ ಸುತ್ತುವುದು. ನೇರವಾಗಿ ಹೋಗದೆ ಸುತ್ತಿಕೊಂಡು ಹೋಗುವ ಹಾದಿಗೆ ಬಳಸುದಾರಿ ಎನ್ನುತ್ತೇವೆ. ಬಳುಕು ಎಂದರೆ ಬಾಗಿ ತೊನೆಯುವುದು. ಬಳೆ, ಬಳಸು, ಬಳುಕು ಇವುಗಳ ಸಾಲಿನಲ್ಲಿ ಬಳ್ಳಿಯನ್ನು ನಿಲ್ಲಿಸಿ ನೋಡಿದರೆ, ಬಾಗುವುದು, ಸುತ್ತುವುದು ಎಂಬ ಭಾವವೇ ಎಲ್ಲದರಲ್ಲಿಯೂ ಎದ್ದು ಕಾಣುತ್ತದೆ.

ಇಲ್ಲಿ ಬುದ್ಧಿವಂತನಾದ ವಿದ್ಯಾರ್ಥಿಯೊಬ್ಬನು ಆಕ್ಷೇಪವನ್ನು ಎತ್ತಬಹುದು. ಹಳಗನ್ನಡದಲ್ಲಿ ಬಳೆ ಎಂಬುದಕ್ಕೆ ಬೆಳೆಯುವುದೆಂಬ ಅರ್ಥವೂ ಇತ್ತಲ್ಲವೆ? ತಮಿಳಿನಲ್ಲಿ ವಳರ್ ಎಂದರೆ ಬೆಳೆ ಎಂದಲ್ಲವೆ? ಬೆಳೆಯುವುದರಿಂದ ಬಳ್ಳಿ ಎಂದೇಕೆ ಹೇಳಬಾರದು? ಆಕ್ಷೇಪವು ಯೋಗ್ಯವಾದುದೇ. ಉತ್ತರವಿಷ್ಟು: ಬೆಳೆಯುವುದು ಎಲ್ಲ ಸಸ್ಯಗಳ ಗುಣ, ಮರವೂ ಬೆಳೆಯುತ್ತದೆ, ಹುಲ್ಲೂ ಬೆಳೆಯುತ್ತದೆ. ಒಂದು ವಸ್ತುವಿಗೆ ಜನರು ಹೆಸರಿಡುವಾಗ ಅದನ್ನು ಉಳಿದವುಗಳಿಂದ ಬೇರ್ಪಡಿಸುವ ಗುಣವನ್ನು ಹಿಡಿಯುವುದೇ ಹೆಚ್ಚು. ಬಳ್ಳಿಯನ್ನು ಮರದಿಂದ ಬೇರ್ಪಡಿಸುವುದು ಬೆಳವಣಿಗೆಯಲ್ಲ, ಬಾಗುವಿಕೆ. ಹೊಕ್ಕುಳಬಳ್ಳಿ, ರಂಗೋಲಿಯ ಬಳ್ಳಿ, ಚಪ್ಪಲಿಯ ವಳ್ಳಿ ಇವುಗಳಲ್ಲಿ ಉಳಿದುಬಂದಿರುವುದೂ ಅದೇ ಗುಣ. ಆದುದರಿಂದ ಬಾಗುವಿಕೆಯ ಕಡೆಗೇ ಸಂಭವವು ಹೆಚ್ಚು.

ಬೇರೆ ದೇಶಗಳ ಜನರೂ ಹೀಗೆಯೇ ಮಾಡಿದ್ದಾರೆಂಬುದು ಈ ಊಹೆಗೆ ಇನ್ನಷ್ಟು ಬಲವನ್ನು ಕೊಡುತ್ತದೆ. ದ್ರಾಕ್ಷಿಯ ಬಳ್ಳಿಗೆ ಲ್ಯಾಟಿನಿನಲ್ಲಿ ವೀಟಿಸ್ ಎಂದು ಹೆಸರು. ಸಸ್ಯಶಾಸ್ತ್ರದಲ್ಲಿ ದ್ರಾಕ್ಷಿಯ ಕುಲನಾಮವೂ ಅದೇ. ಬಾಗಿಸು, ಹೆಣೆ ಎಂಬ ಅರ್ಥದ ಧಾತುವಿನಿಂದ ಆ ಪದವು ಹುಟ್ಟಿದೆ. ಉಷ್ಣವಲಯದ ಕಾಡುಗಳಲ್ಲಿ ಮರಗಳನ್ನು ಏರುವ ಗಟ್ಟಿಕಾಂಡದ ದೊಡ್ಡ ಬಳ್ಳಿಗಳಿಗೆ ವಿಜ್ಞಾನಿಗಳು ಲಿಯಾನ ಎನ್ನುತ್ತಾರೆ. ಅದು ಫ್ರೆಂಚರ ಲಿಯಾನ್ ಎಂಬ ಪದ. ಕಟ್ಟು ಎಂಬ ಅರ್ಥದ ಕ್ರಿಯಾಪದಕ್ಕೆ ಸಂಬಂಧಿಸಿದುದು. ಲ್ಯಾಟಿನಿನವನು ಹೆಣಿಗೆಯನ್ನು ಕಂಡನು, ಫ್ರೆಂಚನು ಕಟ್ಟನ್ನು ಕಂಡನು, ನಮ್ಮ ಹಿರಿಯನು ಬಳಸನ್ನು ಕಂಡನು. ಮೂವರೂ ನೋಡಿದ್ದು ಒಂದೇ ಸ್ವಭಾವವನ್ನು.

ಬಳ್ಳಿಯು ನಿಜವಾಗಿಯೂ ಬಳಸುತ್ತದೆಯೆ?

ಹೆಸರಿಟ್ಟವರು ಕಂಡದ್ದನ್ನು ವಿಜ್ಞಾನವು ಅಳೆದು ನೋಡಿತು. ಅಮೆರಿಕದ ಸಸ್ಯಶಾಸ್ತ್ರಜ್ಞನಾದ ಏಸಾ ಗ್ರೇ ಎಂಬಾತನು 1858ರಲ್ಲಿ ಸೌತೆಯ ವಂಶಕ್ಕೆ ಸೇರಿದ ಒಂದು ಬಳ್ಳಿಯ ಕುಡಿಗಳ ಚಲನೆಯನ್ನು ಕುರಿತು ಒಂದು ಟಿಪ್ಪಣಿಯನ್ನು ಬರೆದನು. ಅದನ್ನು ಓದಿದ ಚಾರ್ಲ್ಸ್ ಡಾರ್ವಿನನಿಗೆ ಕುತೂಹಲ ಹುಟ್ಟಿತು. ಅನಾರೋಗ್ಯದಿಂದ ಹಾಸಿಗೆ ಹಿಡಿದಿದ್ದ ದಿನಗಳಲ್ಲಿಯೂ ಆತನು ಹಾಪ್ ಎಂಬ ಬಳ್ಳಿಯ ಕುಂಡವನ್ನು ತನ್ನ ಕೊಠಡಿಯಲ್ಲಿಯೇ ಇರಿಸಿಕೊಂಡು ಅದರ ತುದಿಯ ಚಲನೆಯನ್ನು ಗಮನಿಸುತ್ತಿದ್ದನು. ಆಸರೆಯಿಲ್ಲದ ಕುಡಿಯು ಸುಮ್ಮನೆ ತೂಗಾಡುವುದಿಲ್ಲ. ಗಾಳಿಯಲ್ಲಿ ವರ್ತುಲವನ್ನು ಬರೆಯುತ್ತ ಸುತ್ತುತ್ತದೆ ಎಂಬುದನ್ನು ಆತನು ಕಂಡನು. ಬೆಚ್ಚಗಿನ ಹಗಲಿನಲ್ಲಿ ಹಾಪ್ ಬಳ್ಳಿಯ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ ಹಿಡಿಯಿತು. ಸಿರೊಪೀಜಿಯ ಎಂಬ ಬಳ್ಳಿಯ ಉದ್ದನೆಯ ಕುಡಿಯು 5 ಅಡಿಗೂ ಮಿಕ್ಕ ವ್ಯಾಸದ, ಸುಮಾರು 16 ಅಡಿ ಸುತ್ತಳತೆಯ ವರ್ತುಲವನ್ನು ಗಂಟೆಗೆ 32-33 ಅಂಗುಲದ ವೇಗದಲ್ಲಿ ಸುತ್ತುತ್ತಿತ್ತು. ಈ ಲೆಕ್ಕದಿಂದ ಒಂದು ಸುತ್ತಿಗೆ ಸುಮಾರು 6 ಗಂಟೆಯಾಗುವುದನ್ನು ಓದುಗರೇ ಗುಣಿಸಿ ನೋಡಬಹುದು. ಈ ವಿಷಯಗಳನ್ನೆಲ್ಲ ಆತನು 1865ರಲ್ಲಿ ಲಿನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ತಿದ್ದಿ ಬೆಳೆಸಿದ ರೂಪವು 1875ರಲ್ಲಿ ಪುಸ್ತಕವಾಗಿ ಹೊರಬಂದಿತು.

ಕುಡಿಯು ಸುತ್ತುವುದು ಹೇಗೆ? ಎಳೆಯ ಕಾಂಡದ ಎಲ್ಲ ಪಕ್ಕಗಳೂ ಏಕಕಾಲದಲ್ಲಿ ಸಮನಾಗಿ ಉದ್ದವಾಗುವುದಿಲ್ಲ. ಒಂದು ಪಕ್ಕವು ಹೆಚ್ಚು ಬೆಳೆದಾಗ ಕುಡಿಯು ಎದುರು ಪಕ್ಕಕ್ಕೆ ಬಾಗುತ್ತದೆ. ಈ ಹೆಚ್ಚಿನ ಬೆಳವಣಿಗೆಯು ಕಾಂಡದ ಸುತ್ತ ಒಂದು ಪಕ್ಕದಿಂದ ಮುಂದಿನ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಅದರೊಂದಿಗೆ ಬಾಗಿದ ತುದಿಯೂ ಸುತ್ತುತ್ತದೆ. ಹೀಗೆ ಸುತ್ತುವಾಗ ನಡುವೆ ಒಂದು ಕೋಲು ಸಿಕ್ಕಿತೆನ್ನಿ. ಕೋಲಿಗೆ ತಗುಲಿದ ಭಾಗವು ನಿಲ್ಲುತ್ತದೆ; ಮುಂದಿನ ತುದಿಯು ಸುತ್ತುತ್ತಲೇ ಇರುವುದರಿಂದ ಕೋಲನ್ನು ಬಳಸುತ್ತದೆ. ಬಳ್ಳಿಯು ಬಳಸುವುದೆಂಬುದು ಹೀಗೆ ಅಕ್ಷರಶಃ ನಿಜ.

ಬಳ್ಳಿಗಳ ಬಗೆಗಳು

ಆದರೆ ಎಲ್ಲ ಬಳ್ಳಿಗಳೂ ಒಂದೇ ಉಪಾಯದಿಂದ ಏರುವುದಿಲ್ಲ. ನಮ್ಮ ಹಿತ್ತಲು ತೋಟಗಳಲ್ಲಿಯೇ ಎಲ್ಲ ಬಗೆಗಳನ್ನೂ ನೋಡಬಹುದು.

ಅವರೆ, ಶಂಖಪುಷ್ಪ ಮೊದಲಾದವು ಇಡೀ ಕಾಂಡದಿಂದಲೇ ಆಸರೆಯನ್ನು ಸುತ್ತುತ್ತವೆ. ಇವನ್ನು ಸುತ್ತುಬಳ್ಳಿಗಳೆನ್ನಬಹುದು.

ಹೀರೆ, ಹಾಗಲ, ಸೋರೆ, ಬಟಾಣಿ, ದ್ರಾಕ್ಷಿ ಇವುಗಳಲ್ಲಿ ಕಾಂಡವು ಸುತ್ತುವುದಿಲ್ಲ. ಅದರಿಂದ ಹೊರಟ ದಾರದಂಥ ಅಂಗಗಳು ಆಸರೆಯನ್ನು ಹಿಡಿಯುತ್ತವೆ. ಇವಕ್ಕೆ ಕುಡಿಬಳ್ಳಿಗಳೆಂದು ಹೆಸರು. ಬಟಾಣಿಯಲ್ಲಿ ಎಲೆಯ ಕೊನೆಯ ಭಾಗವೇ ಕುಡಿಬಳ್ಳಿಯಾಗಿ ಮಾರ್ಪಟ್ಟಿದೆ. ದ್ರಾಕ್ಷಿಯಲ್ಲಿ ಒಂದು ರೆಂಬೆಯೇ ಹಾಗೆ ಮಾರ್ಪಟ್ಟಿದೆ. ಗೌರಿಹೂವಿನ ಬಳ್ಳಿಯಲ್ಲಿ ಎಲೆಯ ತುದಿಯು ಸುರುಳಿಯಾಗಿ ಹಿಡಿತಕ್ಕೆ ನೆರವಾಗುತ್ತದೆ. ಕುಡಿಬಳ್ಳಿಗೆ ಮುಟ್ಟಿದುದರ ಅರಿವುಂಟು. ವಸ್ತುವಿಗೆ ತಗುಲಿದ ಪಕ್ಕದ ಬೆಳವಣಿಗೆ ಕುಗ್ಗಿ, ಎದುರು ಪಕ್ಕದ ಬೆಳವಣಿಗೆ ಹೆಚ್ಚಿ, ಅದು ಆ ವಸ್ತುವಿನ ಕಡೆಗೆ ಸುರುಳಿಗೊಳ್ಳುತ್ತದೆ. ಕೆಲವು ಬಳ್ಳಿಗಳ ಕುಡಿಯ ಮೇಲೆ ನೀರಿನ ಹನಿಗಳು ಬಿದ್ದರೆ ಅದು ಮೋಸಹೋಗದೆಂಬುದನ್ನೂ ಡಾರ್ವಿನನು ಗಮನಿಸಿದ್ದಾನೆ. ಮಳೆಯ ಹನಿಯನ್ನು ಆಸರೆಯೆಂದು ತಿಳಿದು ಸುತ್ತಿಕೊಳ್ಳುವ ಬಳ್ಳಿ ಬದುಕುವುದೆಂತು?

ಮೆಣಸು ಮತ್ತು ವೀಳ್ಯದ ಬಳ್ಳಿಗಳು ಗೆಣ್ಣುಗಳಲ್ಲಿ ಬೇರನ್ನು ಬಿಟ್ಟು, ಮರದ ತೊಗಟೆಗೆ ಅಂಟಿಕೊಂಡು ಏರುತ್ತವೆ. ಬೆತ್ತವು ಮುಳ್ಳಿನ ಕೊಕ್ಕೆಗಳಿಂದ ಅಕ್ಕಪಕ್ಕದ ಗಿಡಗಳಿಗೆ ತಗುಲಿಹಾಕಿಕೊಳ್ಳುತ್ತದೆ. ಇವುಗಳಲ್ಲಿ ಸುತ್ತುವಿಕೆಯೇ ಇಲ್ಲ. ಆದರೂ ಜನರು ಮೆಣಸನ್ನು ಬಳ್ಳಿಯೆಂದೇ ಕರೆದರು. ಹುಟ್ಟುವಾಗ ಒಂದು ಗುಣವನ್ನು ಹಿಡಿದು ಬಂದ ಹೆಸರು ಬಳಕೆಯಲ್ಲಿ ಅಗಲವಾಗುತ್ತದೆ. ಪದದ ಮೂಲಾರ್ಥ ಬೇರೆ, ಈಗಿನ ಅರ್ಥ ಬೇರೆ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಉಪಾಯಗಳು ಯಾತಕ್ಕೆ? ಬೆಳಕಿಗಾಗಿ. ದಟ್ಟವಾದ ಕಾಡಿನ ನೆಲದಲ್ಲಿ ಬೆಳಕು ವಿರಳ. ಮೇಲಕ್ಕೆ ಹೋಗಲು ಮರವು ವರ್ಷಗಟ್ಟಲೆ ಗಟ್ಟಿಯಾದ ಕಾಂಡವನ್ನು ಕಟ್ಟುತ್ತದೆ. ಬಳ್ಳಿಯು ಆ ವೆಚ್ಚವನ್ನು ಉಳಿಸಿ, ತನ್ನ ಆಹಾರವನ್ನು ಉದ್ದಕ್ಕೂ ಎಲೆಗಳಿಗೂ ಖರ್ಚುಮಾಡುತ್ತದೆ. ಸಪುರವಾದ ಕಾಂಡದಲ್ಲಿಯೇ ಬೇಕಾದಷ್ಟು ನೀರು ಮೇಲೇರುವಂತೆ ಅದರ ನೀರ್ಗೊಳವೆಗಳು ಅಗಲವಾಗಿರುತ್ತವೆ. ಗಟ್ಟಿತನವಿಲ್ಲದಿರುವುದು ಬಳ್ಳಿಯ ದೌರ್ಬಲ್ಯವಲ್ಲ. ಅದು ಅದರ ಜಾಣತನ. ಬಾಗದಿದ್ದರೆ ಅದು ಬದುಕಲಾರದು.

ನೀವೇ ಮಾಡಿ ನೋಡಬಹುದಾದ ಎರಡು ಪ್ರಯೋಗಗಳು

ಒಂದನೆಯದು. ಕುಂಡದಲ್ಲಿ ಒಂದು ಅವರೆಯ ಬೀಜವನ್ನು ಬಿತ್ತಿರಿ. ಕುಡಿಯು ಒಂದು ಗೇಣಿಗಿಂತ ಉದ್ದವಾದ ಮೇಲೆ, ಆಸರೆಯನ್ನು ಕೊಡದೆ, ಅದರ ತುದಿ ಯಾವ ದಿಕ್ಕಿಗಿದೆಯೆಂಬುದನ್ನು ಅರ್ಧ ಗಂಟೆಗೊಮ್ಮೆ ಕಾಗದದಲ್ಲಿ ಗುರುತಿಸಿರಿ. ಅದು ಯಾವ ಕಡೆಯಿಂದ ಯಾವ ಕಡೆಗೆ ತಿರುಗುವುದು, ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು ಎಂಬುದು ತಿಳಿಯುವುದು. ಹುರುಳಿಕಾಯಿಯ ಬಳ್ಳಿಯನ್ನು ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಹಾಪ್ ಬಳ್ಳಿಯು ಮುಳ್ಳಿನಂತೆಯೇ ಸುತ್ತುತ್ತದೆ. ನಿಮ್ಮ ಅವರೆಯು ಯಾವ ಪಕ್ಷಕ್ಕೆ ಸೇರಿದೆಯೆಂಬುದನ್ನು ನೋಡಿ ಬರೆದಿಡಿರಿ.

ಎರಡನೆಯದು. ಆಸರೆಯನ್ನು ಹಿಡಿದು ಸುರುಳಿಗೊಂಡಿರುವ ಹೀರೆ ಅಥವಾ ಹಾಗಲದ ಕುಡಿಬಳ್ಳಿಯೊಂದನ್ನು ಎಚ್ಚರಿಕೆಯಿಂದ ನೋಡಿರಿ. ಅರ್ಧದವರೆಗೆ ಒಂದು ಕಡೆಗೆ ಸುತ್ತಿಕೊಂಡ ಸುರುಳಿಯು, ನಡುವೆ ಒಂದು ನೇರವಾದ ತುಣುಕನ್ನು ಬಿಟ್ಟು, ಉಳಿದರ್ಧದಲ್ಲಿ ಎದುರು ಕಡೆಗೆ ಸುತ್ತಿಕೊಂಡಿರುತ್ತದೆ. ಕಾರಣವಿಷ್ಟೆ: ಎರಡು ತುದಿಗಳೂ ಬಿಗಿಯಾಗಿ ಹಿಡಿಯಲ್ಪಟ್ಟಿರುವ ದಾರವು ಒಂದೇ ಕಡೆಗೆ ಸುರುಳಿಗೊಂಡರೆ ಅದು ತಿರುಚಿಹೋಗಬೇಕು. ಎರಡು ಕಡೆಗೂ ಸಮನಾಗಿ ಸುತ್ತಿದರೆ ಒಂದರ ತಿರುಚನ್ನು ಮತ್ತೊಂದು ಕಳೆಯುತ್ತದೆ. ಎರಡು ಭಾಗಗಳ ಸುತ್ತುಗಳನ್ನು ಎಣಿಸಿರಿ. ಲೆಕ್ಕವು ಬಹುಮಟ್ಟಿಗೆ ಸರಿಹೋಗುವುದನ್ನು ಕಂಡು ಸಂತೋಷಪಡುವಿರಿ. ಈ ಸುರುಳಿಯು ಗಾಳಿ ಬೀಸಿದಾಗ ಹಿಗ್ಗಿ ಕುಗ್ಗಿ, ಬಳ್ಳಿಯು ಹರಿಯದಂತೆ ಕಾಪಾಡುತ್ತದೆ.

ಒಂದು ಎಚ್ಚರಿಕೆ, ಒಂದು ಕೋರಿಕೆ

ಪದಗಳ ಹುಟ್ಟನ್ನು ಹುಡುಕುವ ಉತ್ಸಾಹದಲ್ಲಿ ಕಂಡಕಂಡಲ್ಲಿ ಬಳ್ಳಿಯನ್ನು ಕಾಣಬಾರದು. ಹುಬ್ಬಳ್ಳಿ ಎಂಬ ಊರಿನ ಹೆಸರನ್ನು ಹೂವಿನ ಬಳ್ಳಿಯೆಂದು ಬಿಡಿಸುವುದು ಜನಪ್ರಿಯವಾಗಿದೆ. ಕಿವಿಗೆ ಇಂಪಾದ ವಿವರಣೆಯೇ ಸರಿ. ಆದರೆ ಆ ಊರಿಗೆ ಪುರ್ಬಳ್ಳಿ ಎಂಬ ಹಳೆಯ ರೂಪವಿದೆ. ಹೂವಿನ ಹಳೆಯ ರೂಪವಾದ ಪೂ ಎಂಬುದರಲ್ಲಿ ರೇಫವಿಲ್ಲ. ಇದಲ್ಲದೆ ಪಳ್ಳಿ ಎಂಬುದೂ ಸಮಾಸದಲ್ಲಿ ಬಳ್ಳಿಯಂತೆ ಕೇಳಿಸಬಲ್ಲದು. ಇಂಪಾಗಿರುವುದೇ ನಿಜವೆನ್ನುವಂತಿಲ್ಲ, ಹಳೆಯ ರೂಪವನ್ನು ವಿಚಾರಿಸದೆ ಊರಿನ ಹೆಸರನ್ನು ಬಿಡಿಸಬಾರದು.

ಇನ್ನು ಕೋರಿಕೆ. ಕಾಲೇಜಿಗೆ ಹೋದೊಡನೆ ನಮ್ಮ ವಿದ್ಯಾರ್ಥಿಗಳು ಬಳ್ಳಿಯನ್ನು ಮರೆತು ಇಂಗ್ಲಿಷಿನ ಪರಿಭಾಷೆಯನ್ನು ಮಾತ್ರ ಉರುಹೊಡೆಯುವುದುಂಟು. ಪರಿಭಾಷೆ ಬೇಕು, ಅದನ್ನು ಕಲಿಯದೆ ಶಾಸ್ತ್ರವಿಲ್ಲ. ಆದರೆ ಹಿತ್ತಲಿನಲ್ಲಿ ಕಂಡ ವಸ್ತುವಿಗೂ ಪುಸ್ತಕದಲ್ಲಿ ಓದಿದ ಪದಕ್ಕೂ ನಡುವೆ ನಂಟು ಹರಿದುಹೋದರೆ ಪರಿಭಾಷೆಯು ಬರಿಯ ಕಂಠಪಾಠವಾಗಿ ಉಳಿಯುತ್ತದೆ. ಸುತ್ತುಬಳ್ಳಿ, ಕುಡಿಬಳ್ಳಿ, ಬೇರೂರಿ ಏರುವ ಬಳ್ಳಿ, ಕೊಕ್ಕೆಯ ಬಳ್ಳಿ ಎಂದು ನಮ್ಮ ಮಾತಿನಲ್ಲಿಯೇ ಒಮ್ಮೆ ವಿಂಗಡಿಸಿ ನೋಡಿದವನಿಗೆ ಯಾವ ಭಾಷೆಯ ಪರಿಭಾಷೆಯೂ ಕಷ್ಟವೆನಿಸದು.

ಬಳ್ಳಿಗೆ ಕಾಯಿ ಭಾರವೆ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ತಾಯಿಗೆ ಮಕ್ಕಳು ಹೊರೆಯಲ್ಲವೆಂಬ ಭಾವದಲ್ಲಿ ಅದನ್ನು ಹೇಳುತ್ತೇವೆ. ಅದನ್ನು ಮೊದಲು ಆಡಿದವರು ಚಪ್ಪರದ ಕೆಳಗೆ ನಿಂತು, ಸಪುರವಾದ ಬಳ್ಳಿಯಲ್ಲಿ ದೊಡ್ಡ ಸೋರೆಯು ತೂಗುವುದನ್ನು ಕಣ್ಣಾರೆ ನೋಡಿದವರೇ ಇರಬೇಕು. ಬಳ್ಳಿ ಎಂಬ ಹೆಸರನ್ನಿಟ್ಟವರೂ ಹಾಗೆಯೇ ನೋಡಿದವರು. ಅವರ ಕೈಯಲ್ಲಿ ಗಡಿಯಾರವಿರಲಿಲ್ಲ, ಅಳತೆಯ ಪಟ್ಟಿಯಿರಲಿಲ್ಲ, ನೋಡುವ ಕಣ್ಣಿತ್ತು. ಅವರು ಕಂಡುದನ್ನು ಎರಡಕ್ಷರದಲ್ಲಿ ಕಟ್ಟಿ ನಮ್ಮ ನಾಲಗೆಗೆ ಕೊಟ್ಟುಹೋಗಿದ್ದಾರೆ. ಆ ಮಾತನ್ನು ಆಡುವಾಗ ಆ ನೋಟವನ್ನೂ ಉಳಿಸಿಕೊಳ್ಳುವುದು ನಮ್ಮ ಕೆಲಸ.